ಸಾಹೇಬನ ಫೋಟೋದ ಹಿಂದೆ

ಜನವರಿ 18

ಅಪ್ಪನಿಗೆ ನಮಸ್ಕಾರ.

ಕಾಗದ ನೋಡಿ "ಇವಳಿಗೇನಾಯ್ತೇ, ಫೋನ್ ಇಲ್ವಾ?" ಎಂದು ಅಮ್ಮನ ಕಡೆ ತಿರುಗಿರುತ್ತೀರಿ. ಫೋನ್ ಇದೆ. ಆದರೆ ನಿಮ್ಮದು ಫೋನಲ್ಲ, ಧ್ವನಿವರ್ಧಕ. ಅಂಗಡಿಯ ಮೇಜಿನ ಮೇಲೆ ಅದನ್ನು ಮಲಗಿಸಿ, ಸ್ಪೀಕರ್ ಹಾಕಿ, ಎರಡೂ ಕೈಯಲ್ಲಿ ಕುರ್ಚಿಯ ಕಾಲು ತಿರುಗಿಸುತ್ತಾ ಮಾತಾಡುತ್ತೀರಿ. ಹೋದ ಸಲ ನಾನು ಹೊಟ್ಟೆನೋವು ಅಂದದ್ದಕ್ಕೆ, ಕುರ್ಚಿ ಬಾಡಿಗೆಗೆ ಕೇಳಲು ಬಂದ ಯಾರೋ ಗಿರಾಕಿ "ಬಿಸಿನೀರು ಕುಡಿಯೋಕೆ ಹೇಳಿ" ಎಂದು ಔಷಧಿ ಸೂಚಿಸಿದರು. ಮೆಸೇಜು ಕಳಿಸಿದರೆ ಅದನ್ನೂ ಗಟ್ಟಿಯಾಗಿ ಓದುತ್ತೀರಿ. ಅದಕ್ಕೇ ಕಾಗದ. ದಯವಿಟ್ಟು ಮನಸ್ಸಿನಲ್ಲಿ ಓದಿ.

ಸಂಖ್ಯಾಶಾಸ್ತ್ರದ ಮೇಡಂ ನನಗೊಂದು ಸಮೀಕ್ಷೆ ಒಪ್ಪಿಸಿದ್ದಾರೆ. ಕಾಲೇಜಿನ ಹುಡುಗರು ಇಂಟರ್ನೆಟ್ ಹೇಗೆ ಬಳಸುತ್ತಾರೆ, ಹುಡುಗಿಯರು ಹೇಗೆ ಅಂತ. ಎರಡೂ ಹಾಸ್ಟೆಲಿನಲ್ಲಿ ಪ್ರಶ್ನೆ ಹಿಡಿದು ಓಡಾಡಿದೆ. ಎಷ್ಟು ಹೊತ್ತು ನೋಡ್ತೀರಿ ಅಂದರೆ ಹುಡುಗರು "ಏನೋ, ಒಂದೆರಡು ಗಂಟೆ" ಅನ್ನುತ್ತಾರೆ. ಹಾಗೆನ್ನುವಾಗಲೂ ತಲೆ ಎತ್ತುವುದಿಲ್ಲ. ಹುಡುಗಿಯರು "ಅಯ್ಯೋ, ನಾವು ಜಾಸ್ತಿ ನೋಡೋದೇ ಇಲ್ಲ" ಅನ್ನುತ್ತಾರೆ, ಅನ್ನುತ್ತಾ ಫೋನನ್ನು ಬೋರಲು ಹಾಕುತ್ತಾರೆ. ಹುಡುಗರ ಖಾತೆಯಲ್ಲಿ ಅವರದೇ ಮುಖ, ಅವರದೇ ಮೀಸೆ. ನಮ್ಮ ಸಾಲಿನಲ್ಲಿ ಹತ್ತು ಕೋಣೆ ದಾಟಿದರೂ ಒಂದು ಮುಖ ಸಿಗಲಿಲ್ಲ. ಸೂರ್ಯಾಸ್ತ, ಬೆಕ್ಕು, ಗುಲಾಬಿ. ಒಬ್ಬಳದು ಬರೀ ಕಿಟಕಿ. "ಇದ್ಯಾಕೆ ಕಿಟಕಿ?" ಎಂದೆ. "ಮುಚ್ಚಬಹುದಲ್ಲ," ಎಂದಳು.

ಹುಡುಗರು ಗೊತ್ತಿಲ್ಲದ್ದನ್ನು ಕೇಳಿಬಿಡುತ್ತಾರೆ. ಹುಡುಗಿಯರು ಅದೇ ಪ್ರಶ್ನೆಯನ್ನು ಯಾವನಾದರೂ ಹುಡುಗ ಮೊದಲೇ ಕೇಳಿದ್ದಾನಾ ಎಂದು ಹುಡುಕುತ್ತಾರೆ. ಸಿಕ್ಕರೆ ಓದಿ ಸುಮ್ಮನಾಗುತ್ತಾರೆ, ಸಿಗದಿದ್ದರೂ ಸುಮ್ಮನಾಗುತ್ತಾರೆ.

ಎಲ್ಲರದೂ ತುಂಬಿಸಿ ಕೊನೆಗೆ ನನ್ನದು ತುಂಬಿಸಲು ಕೂತೆ. "ಸ್ವಂತ ಹೆಸರಿನ ಖಾತೆ ಇದೆಯೇ?" ಎಂಬಲ್ಲಿ ಪೆನ್ನು ನಿಂತಿತು. ಅಣ್ಣನೂ ನಾನೂ ಒಟ್ಟಿಗೆ ಈ ಕಾಲೇಜು ಸೇರಿದಾಗ ನೀವು, ಲೆಕ್ಕದ ಪ್ರಶ್ನೆ ಕೇಳಿ ಉತ್ತರ ಹೇಳುವ ಆ ಇಂಟರ್ನೆಟ್ ವೇದಿಕೆಯಲ್ಲಿ ಇಬ್ಬರಿಗೂ ಸೇರಿಸಿ ಒಂದೇ ಖಾತೆ ಮಾಡಿಸಿದ್ದಿರಿ, ಅಣ್ಣನ ಹೆಸರಿನಲ್ಲಿ. ಈಗ ನನ್ನ ಹೆಸರಿನಲ್ಲೇ ಒಂದು ಮಾಡಿಕೊಳ್ಳಲೇ?

ಅಮ್ಮನ ಮಂಡಿನೋವು ಹೇಗಿದೆ ಎಂದು ಅಮ್ಮನನ್ನೇ ಕೇಳಿ ಬರೆಯಿರಿ. ನೀವು ಊಹಿಸಿ ಬರೆಯಬೇಡಿ.

ನಿಮ್ಮ
ಕಡ್ಡಿ


ಫೆಬ್ರುವರಿ 2

ಮಗಳು ಕಡ್ಡಿಗೆ ಅಪ್ಪನ ಆಶೀರ್ವಾದ.

ಮನಸ್ಸಿನಲ್ಲೇ ಓದಿದೆ. ತುಟಿ ಆಡುತ್ತಿತ್ತು ಎಂದು ನಿಮ್ಮಮ್ಮ ಚಾಡಿ ಹೇಳಿದರೆ ನಂಬಬೇಡ. ಅವಳ ಮಂಡಿ ಮೆಟ್ಟಿಲು ಹತ್ತುವಾಗ ನೋಯುತ್ತದಂತೆ, ಇಳಿಯುವಾಗ ಇಲ್ಲವಂತೆ. ಹಾಗಾದರೆ ಇಳಿದುಕೊಂಡೇ ಇರು ಎಂದೆ. ಅಂದು ರಾತ್ರಿ ಊಟ ನಾನೇ ಬಡಿಸಿಕೊಂಡೆ.

ಈಗ ನಿನ್ನ ಖಾತೆಯ ವಿಷಯ. ನಾನು ಓದಿದ್ದು ಕಡಿಮೆ, ಆದರೆ ಬಾಡಿಗೆಗೆ ಎರಡು ಕುರ್ಚಿ ಇಟ್ಟುಕೊಂಡು ಶುರುಮಾಡಿ ಈಗ ಗೋದಾಮು ಸಾಲದಷ್ಟು ಮಾಡಿಕೊಂಡವನು, ಜನ ಎಲ್ಲಿ ಕೂರುತ್ತಾರೆ ಎಲ್ಲಿ ಕೂರುವುದಿಲ್ಲ ಎಂಬುದನ್ನು ನೋಡುತ್ತಲೇ ತಲೆ ನರೆತಿದೆ. ಸಭೆಗೆ ಎರಡು ಕಡೆಗೂ ಕುರ್ಚಿ ಕಳಿಸುತ್ತೇನೆ. ಗಂಡಸರ ಕಡೆಯವು ವಾಪಸು ಬಂದಾಗ ಉಜ್ಜಿ ಉಜ್ಜಿ ಕೈ ಸೋಲುತ್ತದೆ. ಹೆಂಗಸರ ಕಡೆಯವು ಹೋದ ಹಾಗೇ ಬರುತ್ತವೆ, ಅರ್ಧಕ್ಕರ್ಧ ಯಾರೂ ಕೂತೇ ಇರುವುದಿಲ್ಲ. ಈಗೀಗ ಆ ಕಡೆಗೆ ಕಡಿಮೆ ಕಳಿಸುತ್ತೇನೆ. ಇವತ್ತಿನವರೆಗೆ ಒಬ್ಬರೂ ದೂರಿಲ್ಲ. ಬೇಡದ ಕಡೆ ಕುರ್ಚಿ ಯಾಕೆ? ನಿನ್ನ ಗೆಳತಿಯರೇ ಬೆಕ್ಕು ಗುಲಾಬಿ ಹಾಕಿಕೊಂಡು ಅಡಗಿದ್ದಾರೆ ಅಂದಮೇಲೆ ನೀನೊಬ್ಬಳು ಹೆಸರು ಹಾಕಿಕೊಂಡು ಕಟ್ಟೆಯ ಮೇಲೆ ಕೂರುವುದೇಕೆ? ಹೆಣ್ಣುಮಗಳ ಹೆಸರು ಎಲ್ಲೆಂದರಲ್ಲಿ ಬಿದ್ದಿರಬಾರದು. ಇರುವುದನ್ನೇ ಬಳಸು.

ಇನ್ನು ದೊಡ್ಡ ಸುದ್ದಿ. ಕೂತಿದ್ದೀ ತಾನೇ? ಅಂಗಡಿಯ ಮೇಲ್‌ಗೆ ಆ ವೇದಿಕೆ ನಡೆಸುವ ತರಬೇತಿ ಸಂಸ್ಥೆಯಿಂದ ಪತ್ರ ಬಂದಿದೆ. ನಿನ್ನ ಅಣ್ಣನನ್ನು, ನಮ್ಮ ಸಾಹೇಬನನ್ನು ಆರಿಸಿದ್ದಾರೆ! ಪದವಿ ಮುಗಿದ ಕೂಡಲೇ ಒಂದು ವರ್ಷದ ತರಬೇತಿ, ಸಂಬಳ ಸಮೇತ. ಬಸ್ಸುಗಳ ವೇಳಾಪಟ್ಟಿ, ಆಸ್ಪತ್ರೆಯ ಸರದಿ, ಇಂಥವನ್ನೆಲ್ಲ ಲೆಕ್ಕ ಹಾಕಿ ಸರಿಮಾಡುವ ಕೆಲಸವಂತೆ. "ನಿಮ್ಮ ಉತ್ತರಗಳ ಸ್ಪಷ್ಟತೆ ನಮ್ಮನ್ನು ಬೆರಗುಗೊಳಿಸಿದೆ" ಎಂದು ಬರೆದಿದ್ದಾರೆ. ಈ ಮಗ ಮನೆಯಲ್ಲಿ "ಊಟಕ್ಕೆ ಬರ್ತೀಯಾ" ಅಂದರೂ ಸ್ಪಷ್ಟ ಉತ್ತರ ಕೊಟ್ಟವನಲ್ಲ! ಒಳಗೊಳಗೇ ಎಷ್ಟು ಓದಿದ್ದಾನೆ ನೋಡು. ಕಟಿಂಗ್ ಅಂಗಡಿಯವನಿಗೆ ಹೇಳಿಬಿಟ್ಟೆ. ಅಂದಮೇಲೆ ಊರಿಗೆಲ್ಲ ಹೇಳಿದ ಹಾಗೇ.

ಅಣ್ಣನಿಗೆ ಫೋನ್ ಮಾಡಿದರೆ "ಹೂಂ, ಹೂಂ" ಎಂದು ಇಟ್ಟುಬಿಟ್ಟ. ಸಂಕೋಚ ಇರಬೇಕು. ನೀನಾದರೂ ಅವನ ಬೆನ್ನು ತಟ್ಟು.

ಅಪ್ಪ


ಫೆಬ್ರುವರಿ 9

ಅಪ್ಪನಿಗೆ,

ಕಡ್ಡಿ ತುಂಡು ಮಾಡಿದ ಹಾಗೆ ಹೇಳುತ್ತೇನೆ. ಆ ಉತ್ತರಗಳು ನನ್ನವು.

ಎಲ್ಲವೂ. ಅಣ್ಣ ಆ ಖಾತೆಗೆ ಮಾಡಿದ ಸೇವೆ ಅಂದರೆ ಫೋಟೋ ಹಾಕಿದ್ದು. ಅವನ ಗೆಳೆಯನ ಬೈಕಿಗೆ ಒರಗಿ, ಕಪ್ಪು ಕನ್ನಡಕ ಹಾಕಿ, ಎಲ್ಲೋ ದೂರದ ಗುಡ್ಡ ನೋಡುತ್ತಿರುವ ಫೋಟೋ. ಹೆಸರಿನ ಜಾಗದಲ್ಲಿ "ಸಾಹೇಬ". ಆಮೇಲೆ ಅವನು ಆಟದ ಕಡೆ ಹೋದ, ಬೈಕಿನ ವಿಡಿಯೋಗಳ ಕಡೆ ಹೋದ, ಈ ಕಡೆ ತಿರುಗಿ ನೋಡಲಿಲ್ಲ. ನಾನು ಆ ಕನ್ನಡಕದ ಹಿಂದೆ ಕೂತು ಮೊದಲು ಓದಿದೆ, ಆಮೇಲೆ ಕೇಳಿದೆ, ಆಮೇಲೆ ಉತ್ತರ ಹೇಳಲು ಶುರುಮಾಡಿದೆ. ಬೇರೆ ಬೇರೆ ಊರಿನ ಹುಡುಗರು "ಥ್ಯಾಂಕ್ಸ್ ಗುರು", "ಸೂಪರ್ ಬ್ರೋ", "ಸರ್, ಇನ್ನೊಂದ್ಸಲ ಹೇಳ್ತೀರಾ" ಎಂದು ಬರೆಯುತ್ತಾರೆ. ಒಬ್ಬ "ನಿಮ್ಮ ಬೈಕ್ ಮೈಲೇಜ್ ಎಷ್ಟು ಸರ್" ಎಂದೂ ಕೇಳಿದ. ಅದೊಂದಕ್ಕೆ ಅಣ್ಣನನ್ನು ಕೇಳಿ ಹೇಳಿದೆ.

ನಿಮಗೆ ಹೇಳದೆ ಒಂದು ಕೆಲಸ ಮಾಡಿದ್ದೆ, ಸಮೀಕ್ಷೆಗೆಂದೇ. ಒಂದೇ ಕಷ್ಟದ ಪ್ರಶ್ನೆಯನ್ನು ಎರಡು ಕಡೆಯಿಂದ ಕೇಳಿದೆ. ನಮ್ಮ ಹಾಸ್ಟೆಲಿನ ಕಿಟಕಿಯವಳ ಖಾತೆಯಿಂದ ಅವಳ ಹೆಸರು ಬಯಲುಮಾಡಿ ಕೇಳಿದಾಗ ಬಂದ ಉತ್ತರ: "ಮೊದಲು ಪಾಠ ಓದ್ಕೊಳ್ಳಿ ಮೇಡಂ." ಇನ್ನೊಂದು: "ಯಾವ ಕಾಲೇಜು?" ಮತ್ತೊಂದು: "ಫೋಟೋ ಹಾಕಿದ್ರೆ ಹೇಳಿಕೊಡ್ತೀನಿ." ಅವಳು ಹೆಸರನ್ನು ಅಳಿಸಿ ಮತ್ತೆ ಕಿಟಕಿ ಹಾಕಿಕೊಂಡಳು. ಅದೇ ಪ್ರಶ್ನೆಯನ್ನು ಮಾರನೇ ವಾರ ಸಾಹೇಬ ಕೇಳಿದ. ಬಿಡಿಸಿ ಬಿಡಿಸಿ, ಚಿತ್ರ ಬರೆದು, ಪುಟಗಟ್ಟಲೆ ಉತ್ತರ ಬಂತು.

ಇನ್ನು ನಿಮ್ಮ ಕುರ್ಚಿ. ಹೆಂಗಸರ ಕಡೆಯವು ಹೊಸದಾಗಿಯೇ ವಾಪಸು ಬರುತ್ತವೆ, ನಿಜ. ಯಾಕೆಂದರೆ ಅವರು ಹಿಂದೆ ನಿಂತು ಬಡಿಸುತ್ತಿರುತ್ತಾರೆ, ಅಳುವ ಮಗುವನ್ನು ಹೊತ್ತು ಹೊರಗೆ ತಿರುಗಾಡುತ್ತಿರುತ್ತಾರೆ. ಯಾರೂ ದೂರಿಲ್ಲ, ಅದೂ ನಿಜ. ನಿಮ್ಮ ಹತ್ತಿರ ಕುರ್ಚಿ ಕೇಳಲು ಬರುವವರು, ವಾಪಸು ಕೊಡಲು ಬರುವವರು ಎಲ್ಲ ಗಂಡಸರೇ. ಅಮ್ಮನನ್ನು ಕೇಳಿ, ಹೋದ ಮದುವೆಯಲ್ಲಿ ಎಲ್ಲಿ ಕೂತಿದ್ದೆ ಎಂದು.

ಆ ತರಬೇತಿ ನನಗೆ ಬೇಕು. ಆಸೆ ಎಂದು ಬರೆಯಲು ಹೊರಟೆ, ಆ ಪದ ಸಾಲದು. ಬೇಕು.

ನಿಮ್ಮ
ಕಡ್ಡಿ


ಫೆಬ್ರುವರಿ 24

ಮಗಳೇ,

ಉತ್ತರ ತಡವಾಯಿತು. ಮೂರು ಸಲ ಬರೆದು ಹರಿದೆ. ನಾನು ಬಾಯಿಯಲ್ಲಿ ವ್ಯಾಪಾರ ಮಾಡಿದವನು, ಕಾಗದದ ಮುಂದೆ ಕೂತರೆ ಕಾಗದ ನನ್ನನ್ನೇ ನೋಡುತ್ತದೆ.

ನೀನು ಸುಳ್ಳು ಹೇಳುವವಳಲ್ಲ. ಸಾಹೇಬನ ಹೂಂ ಹೂಂ ಕೂಡ ಈಗ ಅರ್ಥವಾಯಿತು. ಆದರೆ ಸ್ವಲ್ಪ ತಣ್ಣಗೆ ಕೂತು ಯೋಚಿಸು. ಆ ವೇದಿಕೆಯ ನಿಯಮ ತೆಗೆಸಿ ಓದಿದೆ. ಒಂದು ಖಾತೆಯನ್ನು ಒಬ್ಬರೇ ಬಳಸಬೇಕು, ಮೀರಿದರೆ ಖಾತೆ ರದ್ದು, ಆಯ್ಕೆಯೂ ರದ್ದು. ನೀನು ಹೋಗಿ ನಿಜ ಹೇಳಿದೆ ಅನ್ನು, ಅಣ್ಣನಿಗೂ ಇಲ್ಲ, ನಿನಗೂ ಇಲ್ಲ. ಬಾಯಿಗೆ ಬೀಗ ಹಾಕಿಕೊಂಡರೆ ಒಂದು ಜಾಗವಾದರೂ ಮನೆಗೆ ಬರುತ್ತದೆ. ಅಂಗಡಿ ನಡೆಸುವವನು ಇದರಲ್ಲಿ ಯಾವುದನ್ನು ಆರಿಸುತ್ತಾನೆ, ನೀನೇ ಹೇಳು.

ನನ್ನ ಸಲಹೆ ಇದು. ಅಣ್ಣ ಸೇರಲಿ. ನೀನು ಹಿಂದಿನಿಂದ ಹೇಳಿಕೊಡು. ಇಷ್ಟು ದಿನ ಮಾಡಿದ್ದೂ ಅದನ್ನೇ ತಾನೇ? ಕುರ್ಚಿ ಮನೆಗೆ ಬಂದರೆ ಸಾಕು, ಯಾರು ಕೂತರೇನು? ನಿನಗೆ ಮುಂದೆ ಇನ್ನೊಂದು ದಾರಿ ಸಿಗುತ್ತದೆ, ಚುರುಕಾಗಿದ್ದೀಯೆ.

ಇದನ್ನು ನಿಮ್ಮಮ್ಮನಿಗೆ ಓದಿ ಹೇಳಿದೆ. ಅವಳು ಬಟ್ಟೆ ಮಡಚುತ್ತಿದ್ದಳು.

"ಮಗ ಕೂರೋದು, ಮಗಳು ಹಿಂದೆ ನಿಂತ್ಕೊಂಡು ಬಡಿಸೋದು," ಎಂದಳು.

"ಹಂಗಲ್ವೇ," ಎಂದೆ.

"ಮತ್ತೆ ಹೆಂಗೆ?" ಎಂದಳು. ನಾನೂ ಪಕ್ಕದಲ್ಲಿ ಕೂತು ಒಂದು ಟವೆಲು ಮಡಚಿದೆ. ಮೂವತ್ತು ವರ್ಷದಲ್ಲಿ ಇದೇ ಮೊದಲ ಸಲ ಇರಬೇಕು. ಹೋದ ಮದುವೆಯ ಬಗ್ಗೆಯೂ ಕೇಳಿದೆ. "ಯಾವ ಕುರ್ಚಿ?" ಎಂದಳು.

ಆದರೂ ನನ್ನ ಮಾತು ಅದೇ. ಸುಮ್ಮನಿರು. ಕಟಿಂಗ್ ಅಂಗಡಿಯವನು ನಿನ್ನೆ ನನ್ನ ಗಡ್ಡ ಪುಕ್ಕಟೆ ಬೋಳಿಸಿದ, "ಸಾಹೇಬರ ಅಪ್ಪ" ಎಂದು. ಆ ಮುಖ ಹೊತ್ತು ಮತ್ತೆ ಅಲ್ಲಿಗೆ ಹೇಗೆ ಹೋಗಲಿ?

ಅಪ್ಪ


ಮಾರ್ಚ್ 3

ಅಪ್ಪಾ,

ಇದು ನಾನು, ನಿಮ್ಮ ಸಾಹೇಬ. ನನ್ನ ಜೀವನದಲ್ಲಿ ಇದು ಎರಡನೇ ಕಾಗದ. ಮೊದಲನೆಯದು ರಜೆ ಅರ್ಜಿ, ಅದನ್ನೂ ತಂಗಿಯೇ ಬರೆದುಕೊಟ್ಟಿದ್ದಳು.

ನಿಮ್ಮ ಉಪಾಯ ತಂಗಿ ಹೇಳಿದಳು. ಕ್ಯಾಂಟೀನಿನಲ್ಲಿ ನನ್ನನ್ನು ಕೂರಿಸಿ ಪರೀಕ್ಷೆ ಮಾಡಿದಳು. "ಸರಾಸರಿಗೂ ಮಧ್ಯಾಂಕಕ್ಕೂ ಏನೋ ವ್ಯತ್ಯಾಸ?"

"ಎರಡೂ ಲೆಕ್ಕದ ಪುಸ್ತಕದಲ್ಲಿರ್ತವೆ," ಎಂದೆ.

"ಅಷ್ಟೇನಾ?"

"ಬೇರೆ ಬೇರೆ ಪುಟದಲ್ಲಿ," ಎಂದೆ.

ಅವಳು ನಕ್ಕಳು. ಆಮೇಲೆ ನಗಲಿಲ್ಲ. ಅಪ್ಪಾ, ನಾನು ಅಲ್ಲಿಗೆ ಹೋದರೆ ಮೊದಲನೇ ದಿನ ಚಹಾ ಬರುವುದಕ್ಕೆ ಮೊದಲೇ ಸಿಕ್ಕಿಬೀಳುತ್ತೇನೆ. ಅವಳು ಹಿಂದಿನಿಂದ ಹೇಳಿಕೊಡುವುದು ಅಂದರೆ ಹೇಗೆ? ನನ್ನ ಬ್ಯಾಗಿನಲ್ಲಿ ಕೂರುತ್ತಾಳಾ?

ಇನ್ನೊಂದು ಮಾತು. ಕಾಲೇಜಿನ ಹುಡುಗರು ನನ್ನನ್ನು ತಡೆದು ನಿಲ್ಲಿಸಿ "ಗುರು, ಆ ಉತ್ತರ ಮಸ್ತಾಗಿತ್ತು" ಎಂದು ಕೈ ಕುಲುಕುತ್ತಾರೆ. ನಾನೂ ಕುಲುಕುತ್ತಿದ್ದೆ, ತಮಾಷೆಯಾಗಿತ್ತು. ಹೋದ ವಾರ ಒಬ್ಬ ತಂಗಿಯ ಎದುರಿಗೇ ಕುಲುಕಿದ. ಅವಳು ಚಪ್ಪಲಿ ನೋಡುತ್ತಾ ನಿಂತಿದ್ದಳು. ಆಮೇಲೆ ನನಗೆ ಊಟ ಸೇರಲಿಲ್ಲ. ನನಗೆ ಊಟ ಸೇರದಿರುವುದು ಅಂದರೆ ಏನು ಎಂದು ನಿಮಗೆ ಗೊತ್ತು.

ನನಗೆ ಬೇಕಾದದ್ದು ಲಾರಿ. ಕುರ್ಚಿ ಲಾರಿ ಓಡಿಸಲು ಬಿಡಿ, ಇಂಜಿನ್ ರಿಪೇರಿಗೆ ಹೊರಗೆ ಕೊಡುವುದೇ ಬೇಡ. ಇದನ್ನು ಮೊದಲೇ ಹೇಳಬೇಕೆಂದಿದ್ದೆ. ನೀವು ಸಾಹೇಬ, ಸಾಹೇಬ ಅನ್ನುವಾಗ ಲಾರಿ ಎಂಬ ಮಾತು ಬಾಯಿಗೆ ಬರಲಿಲ್ಲ.

ನಿಮ್ಮ ಮಗ


ಮಾರ್ಚ್ 11

ಅಪ್ಪನಿಗೆ,

ನಿಮ್ಮ ಕಾಗದಕ್ಕೆ ಉತ್ತರ ಬರೆಯುವ ಮೊದಲು ಇನ್ನೊಂದು ಕಾಗದ ಬರೆದೆ, ಸಂಸ್ಥೆಗೆ. ನನ್ನ ಹೆಸರಿನಲ್ಲಿ, ಊರು ಕಾಲೇಜು ಎಲ್ಲ ಹಾಕಿ. ಸಾಹೇಬನ ಖಾತೆಯನ್ನು ಬಳಸಿದವಳು ನಾನು, ಆಯ್ಕೆಯಾದ ಉತ್ತರಗಳು ನನ್ನವು, ಬೇಕಾದ ಹಾಗೆ ಪರೀಕ್ಷಿಸಿ ಎಂದು. ಅಣ್ಣನೂ ಕೆಳಗೆ ಸಹಿ ಹಾಕಿದ. ಮೇಡಮ್ಮಿಗೂ ತೋರಿಸಿದೆ. ಅವರು ಕನ್ನಡಕ ತೆಗೆದು, "ನಿನ್ನ ಸಮೀಕ್ಷೆಯಲ್ಲಿ ಆ ವೇದಿಕೆಯಲ್ಲಿ ಉತ್ತರ ಕೊಡೋರ ಪಟ್ಟಿ ಇದೆಯಲ್ಲಮ್ಮ, ಅದರಲ್ಲಿ ಎಷ್ಟು ಗಂಡಸರು ನಿಜವಾಗ್ಲೂ ಗಂಡಸರು?" ಎಂದು ಕೇಳಿದರು. ನನ್ನ ಲೆಕ್ಕವನ್ನು ಮೊದಲಿಂದ ಮಾಡಬೇಕಾಯಿತು. ಮತ್ತೆ ಬಾಗಿಲು ಬಾಗಿಲಿಗೆ ಹೋಗಿ, ಈ ಸಲ ಬೇರೆ ಪ್ರಶ್ನೆ ಕೇಳಿದೆ: "ಯಾರ ಹೆಸರಿನಲ್ಲಿ ಬಳಸ್ತೀರಿ?" ನಮ್ಮ ಸಾಲಿನಲ್ಲಿ ಒಬ್ಬಳು ಚಿಕ್ಕಪ್ಪ, ಒಬ್ಬಳು ತೀರಿಹೋದ ತಾತ. ಇನ್ನೊಬ್ಬಳು ಮೀಸೆ ಬಾರದ ತಮ್ಮ. ಅವನಿಗೆ ಎಂಟನೇ ತರಗತಿಯಲ್ಲೇ ಊರಿನವರೆಲ್ಲ ತೆರಿಗೆಯ ಸಲಹೆ ಕೇಳುತ್ತಿದ್ದಾರಂತೆ.

ಸಂಸ್ಥೆಯ ಉತ್ತರ ಬಂದಿದೆ. ಆಯ್ಕೆ ತಡೆಹಿಡಿದಿದ್ದಾರೆ. ಖಾತೆ ಮಾಡಿಸಿದವರು ನೀವು, ಗುರುತಿನ ಚೀಟಿ ನಿಮ್ಮದು. ಹಾಗಾಗಿ ಅದನ್ನು ಬಳಸಿದವರು ಯಾರು ಎಂದು ನೀವೇ ಬರೆದು ಕಳಿಸಬೇಕು. ಈ ತಿಂಗಳು ಮುಗಿಯುವುದರೊಳಗೆ. ಬಂದರೆ ನನ್ನನ್ನು ಕ್ಯಾಮೆರಾ ಮುಂದೆ ಕೂರಿಸಿ ಪರೀಕ್ಷೆ ಮಾಡುತ್ತಾರೆ. ಬರದಿದ್ದರೆ ಖಾತೆ ರದ್ದು, ನನ್ನ ಅರ್ಜಿಯೂ ರದ್ದು.

ನೀವು ಹೇಳಿದ ಲೆಕ್ಕ ತಪ್ಪೆಂದು ನಾನು ಹೇಳುವುದಿಲ್ಲ. ಸುಮ್ಮನಿದ್ದರೆ ಒಂದು ಜಾಗ ಮನೆಗೆ ಬರುತ್ತಿತ್ತು. ಆದರೆ ಯಾರು ಕೂತರೇನು ಅಂದಿರಲ್ಲ, ಅದು ಕೂತವರು ಆಡುವ ಮಾತು. ನಿಂತವರನ್ನು ಕೇಳಿದ್ದರೆ ಬೇರೆ ಉತ್ತರ ಬರುತ್ತಿತ್ತು.

ನಾನು ನಿಮ್ಮ ಒಪ್ಪಿಗೆ ಕೇಳುತ್ತಿಲ್ಲ ಅಪ್ಪ. ಸಾಕ್ಷಿ ಕೇಳುತ್ತಿದ್ದೇನೆ. ಕೊಡದಿದ್ದರೆ ನಾನು ಕೋಪ ಮಾಡಿಕೊಂಡು ಮನೆಗೆ ಬರದೆ ಇರುವವಳಲ್ಲ, ಬರುತ್ತೇನೆ, ಗೋದಾಮಿನಲ್ಲಿ ಕೆಲಸ ಮಾಡುತ್ತೇನೆ. ಮುಂದಿನ ವರ್ಷ ನನ್ನ ಹೆಸರಿನಲ್ಲಿ ಮೊದಲ ಉತ್ತರದಿಂದ ಶುರುಮಾಡುತ್ತೇನೆ. ಏನಾದರೂ ಸರಿ, ಸಾಹೇಬನಾಗಿ ಇನ್ನೊಂದು ಸಾಲು ಬರೆಯುವುದಿಲ್ಲ.

ನಿಮ್ಮ
ಕಡ್ಡಿ


ಮಾರ್ಚ್ 26

ತರಬೇತಿ ಸಂಸ್ಥೆಯ ಮುಖ್ಯಸ್ಥರಿಗೆ,

ನಾನು ಕುರ್ಚಿ ಮೇಜು ಬಾಡಿಗೆಗೆ ಕೊಡುವ ವ್ಯಾಪಾರಿ. ತಮ್ಮ ವೇದಿಕೆಯಲ್ಲಿ "ಸಾಹೇಬ" ಎಂಬ ಖಾತೆಯನ್ನು ನನ್ನ ಗುರುತಿನ ಚೀಟಿ ಕೊಟ್ಟು ಮಾಡಿಸಿದವನು ನಾನೇ. ಕಾಲೇಜಿನಲ್ಲಿರುವ ಮಗ ಮತ್ತು ಮಗಳು ಇಬ್ಬರಿಗೂ ಸೇರಿ ಮಾಡಿಸಿದೆ. ಹೆಸರು ಮಗನದು, ಫೋಟೋ ಮಗನದು, ಬೈಕು ಮಗನ ಗೆಳೆಯನದು, ಕೆಲಸ ಮಗಳದು.

ತಂದೆ ಹೇಳಿದ ಮಾತ್ರಕ್ಕೆ ತಾವು ನಂಬಬೇಕಿಲ್ಲ. ವ್ಯಾಪಾರದಲ್ಲಿ ನಾನೂ ನಂಬುವುದಿಲ್ಲ. ಆದ್ದರಿಂದ ಆ ಖಾತೆಯ ಉತ್ತರಗಳನ್ನು ಈ ಎರಡು ವಾರ ಕೂತು ಒಂದೊಂದಾಗಿ ಓದಿದೆ. ಅರ್ಧ ಅರ್ಥವಾಗಲಿಲ್ಲ. ಆದರೆ ದೊಡ್ಡ ಪಟ್ಟಿಯಲ್ಲಿ ಎಣಿಕೆ ತಪ್ಪುತ್ತಿದೆ ಎಂದು ಅತ್ತುಕೊಂಡ ಒಬ್ಬ ವಿದ್ಯಾರ್ಥಿಗೆ ಕೊಟ್ಟ ಉತ್ತರದ ಹತ್ತಿರ ನಿಂತೆ. "ಪ್ರತಿ ಹತ್ತನೆಯದನ್ನು ಹಿಂದುಮುಂದಾಗಿ ತಿರುಗಿಸಿಡು, ಆಗ ಎಣಿಸಬೇಕಾಗಿಲ್ಲ, ನೋಡಿದರೆ ಸಾಕು" ಎಂದು ಅಲ್ಲಿದೆ. ತಾವು ಅದನ್ನು ಹೋಲಿಕೆ ಎಂದುಕೊಂಡಿರಬಹುದು. ಅದು ನನ್ನ ಗೋದಾಮು. ಕುರ್ಚಿ ಒಂದರ ಮೇಲೊಂದು ಪೇರಿಸುವಾಗ ನಮ್ಮಲ್ಲಿ ಹತ್ತನೆಯದನ್ನು ಬೆನ್ನು ತಿರುಗಿಸಿ ಇಡುತ್ತೇವೆ. ಈ ಪದ್ಧತಿ ಬೇರೆ ಯಾವ ಅಂಗಡಿಯಲ್ಲೂ ನಾನು ಕಂಡಿಲ್ಲ. ತಂದವಳು ನನ್ನ ಮಗಳು, ಫ್ರಾಕು ಹಾಕುವ ವಯಸ್ಸಿನಲ್ಲಿ. ನಾನು ಎಣಿಕೆ ತಪ್ಪಿ ತಪ್ಪಿ ಬೈಯುತ್ತಿದ್ದೆ, ಅವಳು ಬಂದು ತಿರುಗಿಸಿಟ್ಟಳು. ಮಗ ಅಷ್ಟು ವರ್ಷವೂ ಗೋದಾಮಿನ ಹೊರಗೆ ಲಾರಿಯ ಕೆಳಗೆ ಮಲಗಿದ್ದವನು. ಕುರ್ಚಿಗಳು ತಾವೇ ನಡೆದು ಬಂದು ಸಾಲಾಗಿ ನಿಲ್ಲುತ್ತವೆ ಎಂದು ಅವನು ಇವತ್ತಿಗೂ ನಂಬಿರಬಹುದು.

ಒಂದು ಖಾತೆಗೆ ಒಬ್ಬರು ಎಂಬ ತಮ್ಮ ನಿಯಮ ಮುರಿದವನು ನಾನು. ಮಗಳ ಹೆಸರು ಹಾಕಬಾರದೆಂದು ತಡೆದವನೂ ನಾನು. ದಂಡ ಹಾಕುವುದಿದ್ದರೆ ನನ್ನ ಅಂಗಡಿಯ ವಿಳಾಸ ಲಕೋಟೆಯ ಮೇಲಿದೆ. ಅವಳನ್ನು ಪರೀಕ್ಷೆಗೆ ಕೂರಿಸಿ. ಕೂರಿಸುವುದು ನನ್ನ ಕಸುಬು, ಯಾರನ್ನು ಎಲ್ಲಿ ಕೂರಿಸಬೇಕು ಎಂದು ಕೊಂಚ ತಿಳಿದೇ ಹೇಳುತ್ತಿದ್ದೇನೆ.

ತಮ್ಮ ವಿಶ್ವಾಸಿ,
ಕುರ್ಚಿ ಅಂಗಡಿಯ ಮಾಲೀಕ


ಅದೇ ದಿನ

ಕಡ್ಡಿ,

ಮೇಲಿನದು ನಕಲು. ಅಸಲು ರಿಜಿಸ್ಟರ್ ಅಂಚೆಯಲ್ಲಿ ಹೋಗಿದೆ, ರಸೀದಿ ನಿಮ್ಮಮ್ಮನ ಹತ್ತಿರ ಇದೆ. ನನ್ನ ಹತ್ತಿರ ಕೊಡಲಿಲ್ಲ.

ಕಟಿಂಗ್ ಅಂಗಡಿಗೂ ಹೋಗಿಬಂದೆ. ಅಲ್ಲಿ ಕಾಯುವ ಬೆಂಚು ತುಂಬಿತ್ತು. ಬೇಕೆಂದೇ ತುಂಬಿದ ಹೊತ್ತು ನೋಡಿ ಹೋದೆ. ಒಬ್ಬೊಬ್ಬರಿಗೇ ಹೇಳಿಕೊಂಡು ತಿರುಗುವುದಕ್ಕೆ ನನಗೆ ಪುರುಸೊತ್ತಿಲ್ಲ.

"ಬನ್ನಿ ಸಾಹೇಬರ ಅಪ್ಪ," ಎಂದ.

"ಸಾಹೇಬನ ಅಪ್ಪ ಅಲ್ಲಯ್ಯ. ಆ ಉತ್ತರ ಎಲ್ಲ ಬರೆದಿದ್ದು ನನ್ನ ಮಗಳು," ಎಂದೆ.

ಕತ್ತರಿ ನಿಂತಿತು. "ಹೌದಾ? ಮತ್ತೆ ಮಗ?"

"ಅವನು ಫೋಟೋಗೆ ನಿಂತಿದ್ದ."

ಬೆಂಚಿನ ಮೇಲಿದ್ದ ಮೇಷ್ಟರು, "ಹುಡುಗೀರು ಇಂಟರ್ನೆಟ್ಟಲ್ಲಿ ಇಷ್ಟೆಲ್ಲ ಮಾಡ್ತಾರೇನ್ರಿ?" ಎಂದರು. ಅವರಿಗೂ ಇಬ್ಬರು ಹೆಣ್ಣುಮಕ್ಕಳು. "ಮನೆಗೆ ಹೋಗಿ ನಿಮ್ಮ ಹೆಸರಲ್ಲಿ ಏನೇನು ನಡೀತಿದೆ ನೋಡಿ ಮೇಷ್ಟ್ರೇ," ಎಂದೆ. ಎಲ್ಲರೂ ನಕ್ಕರು. ಮೇಷ್ಟರು ನಗಲಿಲ್ಲ, ಸರದಿಯನ್ನೂ ಬಿಟ್ಟು ಎದ್ದು ಹೋದರು. ಈ ಸಲ ಅಂಗಡಿಯವನು ಗಡ್ಡಕ್ಕೆ ಪೂರ್ತಿ ರೇಟು ತೆಗೆದುಕೊಂಡ.

ಚೆನ್ನಾಗಿ ಕೂತು ಬರೆ. ಬೆನ್ನು ಬಗ್ಗಿಸಬೇಡ.

ಅಪ್ಪ


ಏಪ್ರಿಲ್ 19

ಅಪ್ಪನಿಗೆ,

ಪರೀಕ್ಷೆ ಮುಗಿಯಿತು. ನಡೆದ ಹಾಗೆ ಬರೆಯುತ್ತೇನೆ, ಅಮ್ಮನಿಗೆ ಗಟ್ಟಿಯಾಗಿ ಓದಿ. ಈ ಸಲ ಯಾರು ಕೇಳಿಸಿಕೊಂಡರೂ ಅಡ್ಡಿಯಿಲ್ಲ.

ಮೇಡಮ್ಮಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತೆ. ಆ ಕಡೆ ಪರೀಕ್ಷಕರು ಇಬ್ಬರು, ಒಬ್ಬ ಗಂಡಸು ಒಬ್ಬ ಹೆಂಗಸು. ನಮಸ್ಕಾರ ಹೇಳಿದೆ. ಗಂಡಸಿನ ಮೊದಲ ಮಾತು, "ನಿಮ್ಮ ಅಣ್ಣ ಪಕ್ಕದಲ್ಲಿದ್ರೆ ಹೊರಗೆ ಹೋಗೋಕೆ ಹೇಳಿ."

ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಆಯಿತು. ಅಷ್ಟೆಲ್ಲ ಕಾಗದ ಓದಿಯೂ ಅವರ ತಲೆಯಲ್ಲಿ ಬರೆದವನು ಬೈಕಿನವನೇ, ಅವನ ಜಾಗಕ್ಕೆ ತಂಗಿಯನ್ನು ಕೂರಿಸಿದ್ದಾರೆ. ಕಣ್ಣಲ್ಲಿ ನೀರು ಬರುತ್ತದೆ ಎಂದುಕೊಂಡೆ. ಬರಲಿಲ್ಲ, ಕೋಪ ಬಂತು. ಕ್ಯಾಮೆರಾ ಬಿಚ್ಚಿ ಕೈಯಲ್ಲಿ ಹಿಡಿದು ಕೋಣೆಯನ್ನೆಲ್ಲ ತೋರಿಸಿದೆ. ಕಪಾಟಿನ ಹಿಂದೆ, ಬಾಗಿಲ ಹಿಂದೆ, ಮೇಜಿನ ಕೆಳಗೆ. "ಅಣ್ಣ ರಜೆ ಹಾಕಿ ಊರಿಗೆ ಹೋಗಿದ್ದಾನೆ ಸರ್, ಅಪ್ಪನ ಲಾರಿ ಓಡಿಸೋದು ಕಲೀತಿದ್ದಾನೆ. ಬೇಕಿದ್ರೆ ಫೋನ್ ಮಾಡಿ ಹಾರ್ನ್ ಕೇಳಿಸ್ತೀನಿ," ಎಂದೆ. ಆ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದರು.

ಆಮೇಲೆ ಲೆಕ್ಕ. ಆಸ್ಪತ್ರೆಯೊಂದರಲ್ಲಿ ಜನ ಎಷ್ಟು ಹೊತ್ತು ಕಾಯುತ್ತಾರೆ ಎಂಬ ಉದ್ದನೆಯ ಪಟ್ಟಿ. ಸರಾಸರಿ ನೋಡಿದರೆ ಎಲ್ಲರೂ ಅರ್ಧ ದಿನ ಕಾದ ಹಾಗೆ ಕಾಣುತ್ತದೆ. "ಇದನ್ನು ಸರಿಮಾಡಿ," ಎಂದರು. ನಾನು ಮೊದಲು ಏನನ್ನೂ ಸರಿಮಾಡಲಿಲ್ಲ. "ಇದನ್ನು ಬರೆದುಕೊಂಡವರು ಯಾರು, ಯಾವಾಗ?" ಎಂದು ಕೇಳಿದೆ. ಅವರ ಉತ್ತರದಲ್ಲೇ ವಿಷಯ ಹೊರಬಿತ್ತು: ಸರದಿ ಬಿಟ್ಟು ಮನೆಗೆ ಹೋದವರನ್ನು ಬಾಗಿಲಲ್ಲಿ ಯಾರೂ ಗುರುತು ಹಾಕಿಕೊಂಡಿರಲಿಲ್ಲ. ಹೊರಟುಹೋದವರೂ ಸಂಜೆಯವರೆಗೆ ಕಾಯುತ್ತಲೇ ಇದ್ದಾರೆ ಎಂದು ಪಟ್ಟಿ ಹೇಳುತ್ತಿತ್ತು. ಅವರನ್ನು ಬೇರೆ ಮಾಡಿ, ಮಿಕ್ಕವರ ಮಧ್ಯಾಂಕ, ಅಂದರೆ ಕಡಿಮೆ ಕಾದವರಿಂದ ಹೆಚ್ಚು ಕಾದವರವರೆಗೆ ಸಾಲು ನಿಲ್ಲಿಸಿದರೆ ನಟ್ಟನಡುವೆ ಬರುವವರ ಅಂಕಿ, ತೆಗೆದೆ. ಒಂದು ಕಡೆ ತಪ್ಪಿದೆ, ನಾನೇ ಹಿಂದೆ ಹೋಗಿ ತಿದ್ದಿದೆ. ಗಂಡಸು ನನ್ನ ಲೆಕ್ಕವನ್ನು ಮೇಲಿಂದ ಕೆಳಗಿನವರೆಗೆ ಎರಡು ಸಲ ನೋಡಿದರು. ಕೊನೆಗೆ "ಸರಿ ಸರ್," ಎಂದರು. ಆಮೇಲೆ "ಮೇಡಂ," ಎಂದರು. ಆಮೇಲೆ ಕೆಮ್ಮಿದರು.

ಫಲಿತಾಂಶ ಇದು. ಸಾಹೇಬನ ಖಾತೆ ರದ್ದಾಯಿತು. ಅದರಲ್ಲಿದ್ದ ಉತ್ತರಗಳು ಯಾರ ಲೆಕ್ಕಕ್ಕೂ ಸೇರುವುದಿಲ್ಲವಂತೆ, ನಿಯಮ ನಿಯಮವೇ. ಎಲ್ಲ ಹೋಯಿತು ಅಪ್ಪ, ಹತ್ತನೇ ಕುರ್ಚಿಯೂ ಹೋಯಿತು. ಆದರೆ ಪರೀಕ್ಷೆಯ ಆಧಾರದ ಮೇಲೆ ತರಬೇತಿಗೆ ತೆಗೆದುಕೊಂಡಿದ್ದಾರೆ. ಬೇರೆಯವರಂತೆ ವರ್ಷ ಪೂರ್ತಿಗೆ ಅಲ್ಲ, ಮೊದಲು ಅರ್ಧ ವರ್ಷ. ಕೆಲಸ ನೋಡಿ ಮುಂದಿನ ಮಾತು. "ಒಪ್ಪಿಗೆನಾ?" ಎಂದು ಆ ಹೆಂಗಸು ಕೇಳಿದರು. "ಒಪ್ಪಿಗೆ. ಉಳಿದರ್ಧ ಅಲ್ಲಿಗೆ ಬಂದು ತಗೋತೀನಿ," ಎಂದೆ. ಜುಲೈನಲ್ಲಿ ಸೇರಬೇಕು.

ಅದೇ ದಿನ ಹೊಸ ಖಾತೆ ಮಾಡಿಕೊಂಡೆ. ನನ್ನ ಪೂರ್ತಿ ಹೆಸರು. ಫೋಟೋ ಬೇಕೇ ಬೇಡವೇ ಎಂದು ಒಂದಿಷ್ಟು ಹೊತ್ತು ಕೂತೆ, ಕೊನೆಗೆ ಹಾಸ್ಟೆಲಿನ ಮೆಟ್ಟಿಲ ಮೇಲೆ ಕಿಟಕಿಯವಳು ತೆಗೆದದ್ದನ್ನು ಹಾಕಿದೆ. ಮುಖ ಸ್ವಲ್ಪ ಗಂಟುಹಾಕಿಕೊಂಡಿದೆ, ನಿಮ್ಮ ಹಾಗೇ ಇದೆ. ಯಾರೋ ಹೊಸಬ ಕೇಳಿದ್ದ ಪ್ರಶ್ನೆಗೆ ಉತ್ತರ ಬರೆದೆ. ಸ್ವಲ್ಪ ಹೊತ್ತಿಗೆ ಇನ್ನೊಬ್ಬ ಬಂದ. "ಚೆನ್ನಾಗಿದೆ ಮೇಡಂ, ಯಾರ ಕೈಲಿ ಬರೆಸಿದ್ರಿ?"

"ನಾನೇ ಬರೆದದ್ದು. ತಪ್ಪಿದ್ದರೆ ಯಾವ ಸಾಲಿನಲ್ಲಿ ಎಂದು ತೋರಿಸಿ," ಎಂದು ಬರೆದೆ. ಅವನು ತೋರಿಸಲಿಲ್ಲ. ಆದರೆ ಹೋಗಲೂ ಇಲ್ಲ, ಇನ್ನೂ ಅಲ್ಲೇ ಇದ್ದಾನೆ, ಏನೋ ಟೈಪ್ ಮಾಡುತ್ತಿದ್ದಾನೆ, ಅಳಿಸುತ್ತಿದ್ದಾನೆ. ಈ ಮಧ್ಯೆ ಬೇರೆ ಒಬ್ಬಳು ಪ್ರಶ್ನೆ ಕೇಳಿದ್ದಾಳೆ. ಹೆಸರು ಹಾಕಿಯೇ ಕೇಳಿದ್ದಾಳೆ, ಪಕ್ಕದಲ್ಲಿ ಬೆಕ್ಕೂ ಇಲ್ಲ ಗುಲಾಬಿಯೂ ಇಲ್ಲ. ಕಷ್ಟದ ಪ್ರಶ್ನೆ, ಬಿಡಿಸಿ ಹೇಳಬೇಕು.

ಕಾಗದ ಇಲ್ಲಿಗೆ ನಿಲ್ಲಿಸುತ್ತೇನೆ. ಅವಳು ಕಾಯುತ್ತಿದ್ದಾಳೆ, ಬೇರೆ ಯಾರಾದರೂ ಉತ್ತರ ಕೊಡುವ ಮೊದಲು ನಾನು ಕೊಡಬೇಕು.

ಕಡ್ಡಿ